ಕಳೆ ಕೊಚ್ಚುವ ಯಂತ್ರ ಐಡಲಿಂಗ್‌ನಲ್ಲಿ ಓಡದೆ ಆಫ್ ಆಗುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು, ಕರಾವಳಿ, ಕೊಡಗಿನ ತೋಟಗಳಲ್ಲಿ ಮಳೆಗಾಲ ಇಳಿಮುಖವಾಗುತ್ತಿದ್ದಂತೆ ಕಳೆ ಸೊಂಟದೆತ್ತರಕ್ಕೆ ಬಂದಿರುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಯಂತ್ರವನ್ನು ಆಗ ಹೊರಗೆ ತೆಗೆದರೆ ಕೇಳಿಬರುವ ಮೊದಲ ದೂರು ಒಂದೇ: ರೇಸ್ ಕೊಟ್ಟರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಂದರೆ ಆಕ್ಸಿಲೇಟರ್ ಬಿಟ್ಟಾಗ ಇಂಜಿನ್ ನಿಧಾನವಾಗಿ ಓಡುತ್ತಲೇ ಇರಬೇಕಾದ ಐಡಲಿಂಗ್ ಉಳಿಯುತ್ತಿಲ್ಲ. ಇಲ್ಲಿರುವ ಉತ್ತರಗಳು ಹೆಚ್ಚಾಗಿ ಹೆಗಲಿಗೆ ಹಾಕುವ ಟೂ ಸ್ಟ್ರೋಕ್ ಯಂತ್ರಗಳಿಗೆ, ಅಂದರೆ ಸ್ಟಿಲ್ ಕಂಪನಿಯ ಮಾದರಿಗಳಿಗೆ ಮತ್ತು 43, 52 ಸಿಸಿಯ ಚೀನಾ ಯಂತ್ರಗಳಿಗೆ ಹೊಂದುತ್ತವೆ. ಹೋಂಡಾ ಜಿಎಕ್ಸ್35ರಂಥ ಫೋರ್ ಸ್ಟ್ರೋಕ್ ಇಂಜಿನ್ನಿಗೆ ಮತ್ತು ತಳ್ಳುವ ಲಾನ್ ಮೋವರಿಗೆ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಬೇರೆಯಾಗಿ ಹೇಳಿದ್ದೇವೆ.

ಯಾವ ಕೆಲಸಕ್ಕೂ ಮುಂಚೆ ಇಂಜಿನ್ ಆಫ್ ಮಾಡಿ ಪ್ಲಗ್ ಕ್ಯಾಪ್ ಎಳೆದಿಡಿ. ಕಾರ್ಬೊರೇಟರ್ ಟ್ಯೂನ್ ಮಾಡುವಾಗ ಇಂಜಿನ್ ಓಡಲೇಬೇಕು. ಆಗ ಯಂತ್ರವನ್ನು ನೆಲದ ಮೇಲೆ ಭದ್ರವಾಗಿ ಮಲಗಿಸಿ, ಬ್ಲೇಡಿನ ಹತ್ತಿರ ಯಾರೂ ಇರದಂತೆ ನೋಡಿಕೊಳ್ಳಿ.

## ಮೊದಲು ತಿಳಿಯಬೇಕಾದ್ದು

ಆಕ್ಸಿಲೇಟರ್ ಬಿಟ್ಟ ತಕ್ಷಣ ಆಫ್ ಆಗ್ತದೆ. ಸ್ಲೋ ಸ್ಕ್ರೂ ಸ್ವಲ್ಪ ಟೈಟ್ ಮಾಡಿದ್ರೆ ಸಾಕಲ್ವಾ?

ಅದು ಕೊನೆಗೆ ಮಾಡುವ ಕೆಲಸ. ಆ ಸ್ಕ್ರೂ ಕಾರ್ಬೊರೇಟರಿನಲ್ಲಿ ಗಾಳಿ ಬಿಡುವ ಬಾಗಿಲನ್ನು (ಥ್ರಾಟಲ್ ಪ್ಲೇಟ್) ಕೂದಲೆಳೆಯಷ್ಟು ತೆರೆದಿಡುತ್ತದೆ, ಅಷ್ಟೇ. ಪೆಟ್ರೋಲು ಸರಿಯಾಗಿ ಬರದಿದ್ದರೆ ಅಥವಾ ಎಲ್ಲೋ ಗಾಳಿ ಎಳೆಯುತ್ತಿದ್ದರೆ, ಸ್ಕ್ರೂ ತಿರುಗಿಸಿದಾಗ ರೋಗ ಹಾಗೇ ಉಳಿದು ಲಕ್ಷಣ ಮಾತ್ರ ಮರೆಯಾಗುತ್ತದೆ. ಎರಡು ದಿನ ಓಡಿ ಮತ್ತೆ ನಿಲ್ಲುತ್ತದೆ, ಇಲ್ಲವೇ ಐಡಲಿಂಗ್‌ನಲ್ಲೇ ಬ್ಲೇಡ್ ತಿರುಗಲು ಶುರುವಾಗುತ್ತದೆ. ಗಾಳಿ ಎಳೆಯುವ ಟೂ ಸ್ಟ್ರೋಕ್ ಇಂಜಿನ್ನನ್ನು ಹೀಗೆ ಓಡಿಸಿದರೆ ಪಿಸ್ಟನ್ ಸೀಜ್ ಆಗುವ, ಅಂದರೆ ಸಿಲಿಂಡರಿನಲ್ಲಿ ಹಿಡಿದುಕೊಳ್ಳುವ ಅಪಾಯವೂ ಇದೆ.

ಪೆಟ್ರೋಲು, ಏರ್ ಫಿಲ್ಟರ್, ಪ್ಲಗ್, ಟ್ಯಾಂಕಿನ ಗಾಳಿ ದಾರಿ, ಪೈಪು, ಕಾರ್ಬೊರೇಟರ್, ಆಮೇಲೆ ಸ್ಕ್ರೂ: ಈ ಕ್ರಮ ಬಿಡಬೇಡಿ. ಮೊದಲ ನಾಲ್ಕನ್ನು ನೋಡಲು ಅರ್ಧ ಗಂಟೆ ಸಾಕು, ಖರ್ಚೂ ಹೆಚ್ಚಿಲ್ಲ.

ಐಡಲಿಂಗ್ ಎಷ್ಟಿದ್ರೆ ಸರಿ? ನಮ್ಮ ಹತ್ರ ಮೀಟರ್ ಇಲ್ಲ.

ಬಹುತೇಕ ಟೂ ಸ್ಟ್ರೋಕ್ ಯಂತ್ರಗಳಿಗೆ ನಿಮಿಷಕ್ಕೆ 2,800ರಿಂದ 3,000 ಸುತ್ತು. ಹೋಂಡಾ ಜಿಎಕ್ಸ್35ಕ್ಕೆ ಸುಮಾರು 3,100. ಮೀಟರ್ ಇಲ್ಲದಿದ್ದರೆ ಬ್ಲೇಡ್ ನೋಡಿ. ಇಂಜಿನ್ ಬಿಸಿಯಾದ ಮೇಲೆ ಆಕ್ಸಿಲೇಟರ್ ಬಿಟ್ಟಾಗ ಬ್ಲೇಡ್ ಪೂರ್ತಿ ನಿಲ್ಲಬೇಕು, ಇಂಜಿನ್ ಒಂದೆರಡು ನಿಮಿಷ ಒಂದೇ ಲಯದಲ್ಲಿ ಓಡುತ್ತಿರಬೇಕು, ಆಕ್ಸಿಲೇಟರ್ ಒತ್ತಿದ ಕ್ಷಣ ತಡವರಿಸದೆ ಏರಬೇಕು. ಮೂರೂ ಆದರೆ ಐಡಲಿಂಗ್ ಸರಿಯಿದೆ.

ಹೋದ ವರ್ಷದ ಪೆಟ್ರೋಲ್ ಟ್ಯಾಂಕಲ್ಲೇ ಇತ್ತು. ಅದನ್ನೇ ಬಳಸಬಹುದಾ?

ಬೇಡ. ಎಣ್ಣೆ ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳೊಳಗೆ ಮುಗಿಸಬೇಕು. ಇಟ್ಟಷ್ಟೂ ಅದರ ಹಗುರ ಅಂಶ ಆವಿಯಾಗಿ ಹೋಗುತ್ತದೆ. ಸಣ್ಣ ತೂತುಗಳಲ್ಲಿ ಅಂಟು ಉಳಿಯುತ್ತದೆ. ಐಡಲಿಂಗಿಗೆ ಪೆಟ್ರೋಲು ಕೊಡುವ ತೂತು ಕಾರ್ಬೊರೇಟರಿನಲ್ಲೇ ಅತಿ ಸಣ್ಣದು, ಮೊದಲು ಕಟ್ಟುವುದೂ ಅದೇ. ರೇಸ್ ಕೊಟ್ಟಾಗ ಚೆನ್ನಾಗಿ ಓಡಿ, ಬಿಟ್ಟಾಗ ಮಾತ್ರ ನಿಲ್ಲುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಹಳೆಯದನ್ನು ಒಂದು ಪಾರದರ್ಶಕ ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಬಣ್ಣ ಕಂದಿ, ವಾರ್ನಿಷ್‌ನಂತೆ ಹುಳಿ ವಾಸನೆ ಬಂದರೆ ಪೆಟ್ರೋಲು ಕೆಟ್ಟಿದೆ. ಟ್ಯಾಂಕ್ ಖಾಲಿ ಮಾಡಿ, ಹೊಸ ಮಿಶ್ರಣ ಸ್ವಲ್ಪ ಹಾಕಿ ಕುಲುಕಿ ಅದನ್ನೂ ಚೆಲ್ಲಿ, ಆಮೇಲೆ ತುಂಬಿ. ಚೆಲ್ಲುವುದು ಬಾವಿ, ತೋಡಿನ ಹತ್ತಿರ ಬೇಡ.

ಎಣ್ಣೆ ಎಷ್ಟು ಹಾಕ್ಬೇಕು? ಜಾಸ್ತಿ ಹಾಕಿದ್ರೆ ಇಂಜಿನ್‌ಗೆ ಒಳ್ಳೇದಲ್ವಾ?

ಕಂಪನಿ ಹೇಳಿದ ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆಯಾದರೆ 50:1, ಅಂದರೆ ಲೀಟರಿಗೆ 20 ಮಿ.ಲೀ. ಕೈಪಿಡಿ 25:1 ಎಂದಿದ್ದರೆ ಲೀಟರಿಗೆ 40 ಮಿ.ಲೀ. ಅಳತೆಗೆ ಸಿರಿಂಜ್ ಬಳಸಿ, ಬಾಟಲಿ ಮುಚ್ಚಳದ ಲೆಕ್ಕ ನಂಬಬೇಡಿ. ಟ್ಯಾಂಕಿನೊಳಗೇ ಬೆರೆಸಬೇಡಿ. ಕ್ಯಾನಿನಲ್ಲಿ ಬೆರೆಸಿ, ಚೆನ್ನಾಗಿ ಕುಲುಕಿ, ಆಮೇಲೆ ಹಾಕಿ.

ಎಣ್ಣೆ ಜಾಸ್ತಿಯಾದರೆ ಪ್ಲಗ್ ಒದ್ದೆಯಾಗುತ್ತದೆ, ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ, ಐಡಲಿಂಗ್‌ನಲ್ಲಿ ಹೊಗೆ ಉಗುಳಿ ಮಿಸ್ ಹೊಡೆಯುತ್ತದೆ. ಕಡಿಮೆಯಾದರೆ ಇಂಜಿನ್ನೇ ಹೋಗುತ್ತದೆ. ಬೈಕಿನ ಫೋರ್ ಸ್ಟ್ರೋಕ್ ಇಂಜಿನ್ ಆಯಿಲನ್ನು ಪೆಟ್ರೋಲಿಗೆ ಬೆರೆಸಲೇಬಾರದು. ಮನೆಯಲ್ಲಿ ಎರಡೂ ಬಗೆಯ ಯಂತ್ರಗಳಿದ್ದರೆ ಕ್ಯಾನುಗಳ ಮೇಲೆ ದೊಡ್ಡದಾಗಿ ಬರೆದಿಡಿ. ಕೆಲಸದವರು ಅವಸರದಲ್ಲಿ ಬರೀ ಪೆಟ್ರೋಲನ್ನು ಟೂ ಸ್ಟ್ರೋಕ್‌ಗೆ ಹಾಕಿಬಿಟ್ಟರೆ ಆ ದಿನವೇ ಪಿಸ್ಟನ್ ಹೋಗಬಹುದು.

ಈಗಿನ ಎಥನಾಲ್ ಪೆಟ್ರೋಲಿನಿಂದಲೇ ಇದೆಲ್ಲ ಆಗ್ತಿದೆಯಾ?

ಎಲ್ಲವೂ ಅಲ್ಲ, ಆದರೆ ಪಾಲು ಖಂಡಿತ ಇದೆ. ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲು ಇ20, ಅಂದರೆ ಶೇ 20ರವರೆಗೆ ಎಥನಾಲ್. ಇಂಥ ಹಲವು ಯಂತ್ರಗಳ ಕೈಪಿಡಿಯಲ್ಲಿ ಶೇ 10ರವರೆಗೆ ಮಾತ್ರ ಒಪ್ಪಿಗೆ ಇರುತ್ತದೆ. ತೊಂದರೆ ಮೂರು ಕಡೆಯಿಂದ ಬರುತ್ತದೆ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಜುಲೈ ತಿಂಗಳ ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನೂ ಕೊರತೆಯಿಲ್ಲ. ನೀರು ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಿಗೆ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟ್ಯಾಂಕಿನ ಫಿಲ್ಟರ್ ಕುಡಿಯುವುದೂ ತಳದಿಂದಲೇ. ಎರಡನೆಯದು, ಹಳೆಯ ರಬ್ಬರ್ ಪೈಪು, ಕಾರ್ಬೊರೇಟರಿನೊಳಗಿನ ತೆಳು ಪೊರೆಗಳು (ಡಯಾಫ್ರಾಮ್) ಬೇಗ ಗಡುಸಾಗುತ್ತವೆ ಅಥವಾ ಉಬ್ಬುತ್ತವೆ. ಮೂರನೆಯದು, ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಟ್ಯೂನಿಂಗ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲು ಸಾಲುವುದಿಲ್ಲ.

ಮಾಡಬೇಕಾದ್ದು ಇಷ್ಟು: ಒಂದೆರಡು ವಾರಕ್ಕೆ ಬೇಕಾದಷ್ಟೇ ತನ್ನಿ, ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ, ದಿನದ ಕೆಲಸ ಮುಗಿದ ಮೇಲೆ ಮುಂದಿನ ವಾರದವರೆಗೆ ಯಂತ್ರ ಬೇಡವೆಂದಾದರೆ ಟ್ಯಾಂಕ್ ಖಾಲಿ ಮಾಡಿ. ಪೆಟ್ರೋಲಿಗೆ ನೀರು ಹಾಕಿ ಎಥನಾಲ್ ಬೇರ್ಪಡಿಸುವ ಉಪಾಯ ಮಾಡಬೇಡಿ. ಆಕ್ಟೇನ್ ಇಳಿಯುತ್ತದೆ, ನೀರಿನ ಹನಿಯೂ ಉಳಿಯುತ್ತದೆ.

## ಮನೆಯಲ್ಲೇ ನೋಡಬಹುದಾದ್ದು

ಪ್ಲಗ್ ಸರಿ ಇದೆಯಾ ಅಂತ ಹೇಗೆ ತಿಳಿಯೋದು?

ಬಿಚ್ಚಿ ತುದಿ ನೋಡಿ. ತಿಳಿ ಕಾಫಿ ಬಣ್ಣ ಇದ್ದರೆ ಒಳಗೆ ಉರಿಯುವುದು ಸರಿಯಾಗಿದೆ. ಕಪ್ಪಗೆ, ಜಿಡ್ಡಾಗಿ, ಒದ್ದೆಯಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚಾಗಿದೆ, ಅಥವಾ ಏರ್ ಫಿಲ್ಟರ್ ಕಟ್ಟಿದೆ. ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳು, ಗಾಳಿ ಎಳೆಯುತ್ತಿರಬಹುದು. ಹಾಗಿದ್ದಾಗ ಯಂತ್ರ ಓಡಿಸುವುದನ್ನು ನಿಲ್ಲಿಸಿ ಕಾರಣ ಹುಡುಕಿ.

ಸ್ಟಿಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ 0.5 ಮಿ.ಮೀ., ಚೀನಾ ಯಂತ್ರಗಳಲ್ಲಿ 0.6ರಿಂದ 0.7. ಹೋಂಡಾ ಜಿಎಕ್ಸ್35ಕ್ಕೆ ಎನ್‌ಜಿಕೆ ಸಿಎಂಆರ್5ಎಚ್ ಪ್ಲಗ್, ಗ್ಯಾಪ್ 0.6ರಿಂದ 0.7. ಅನೇಕ ಟೂ ಸ್ಟ್ರೋಕ್ ಯಂತ್ರಗಳಿಗೆ ಎನ್‌ಜಿಕೆ ಬಿಪಿಎಂಆರ್7ಎ ಹೊಂದುತ್ತದೆ. ಮರಳು ಕಾಗದದಿಂದ ಉಜ್ಜಿದ ಪ್ಲಗ್ಗಿನ ಮೇಲೆ ಭರವಸೆ ಇಡಬೇಡಿ, ಹೊಸದು ಹಾಕಿ ನೋಡಿ.

ಏರ್ ಫಿಲ್ಟರ್ ತೆಗೆದಿಟ್ಟರೆ ಚೆನ್ನಾಗಿ ಓಡ್ತದೆ, ಹಾಗೇ ಓಡಿಸಬಹುದಾ?

ಓಡಿಸಬೇಡಿ. ಫಿಲ್ಟರ್ ಕಟ್ಟಿದೆ ಎಂಬುದಕ್ಕೆ ಅದೇ ಸಾಕ್ಷಿ. ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು, ಹಿಂಡಿ, ಪೂರ್ತಿ ಒಣಗಿಸಿ. ಕೈಪಿಡಿ ಎಣ್ಣೆ ಹಾಕಲು ಹೇಳಿದ್ದರೆ ಕೆಲವು ಹನಿ ಹಾಕಿ ಹಿಂಡಿ. ಕಾಗದದ ಫಿಲ್ಟರನ್ನು ತೊಳೆಯಬಾರದು, ಮೆಲ್ಲಗೆ ತಟ್ಟಿ ದೂಳು ಉದುರಿಸಿ, ಕಪ್ಪಾಗಿದ್ದರೆ ಬದಲಿಸಿ. ಫಿಲ್ಟರ್ ಹೊರತೆಗೆದಾಗ ಚಾಕ್ ಬಾಗಿಲು ಪೂರ್ತಿ ತೆರೆಯುತ್ತಿದೆಯೇ ಎಂದೂ ನೋಡಿಬಿಡಿ. ಲೀವರ್ ಸವೆದು ಅರ್ಧಕ್ಕೆ ನಿಲ್ಲುವುದು ಸಾಮಾನ್ಯ.

ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ನಿಲ್ತದೆ. ತಣ್ಣಗಾದ್ರೆ ಮತ್ತೆ ಸ್ಟಾರ್ಟ್ ಆಗ್ತದೆ.

ನಿಲ್ಲುವ ಸೂಚನೆ ಕಂಡ ಕೂಡಲೇ ಆಫ್ ಮಾಡಿ, ಯಂತ್ರವನ್ನು ನೆಲಕ್ಕಿಟ್ಟು, ಟ್ಯಾಂಕಿನ ಮುಚ್ಚಳ ಮೆಲ್ಲಗೆ ಸಡಿಲಿಸಿ. ಒಳಗೆ ಗಾಳಿ ನುಗ್ಗುವ 'ಸುಸ್' ಶಬ್ದ ಕೇಳಿದರೆ ಟ್ಯಾಂಕಿನ ಗಾಳಿ ದಾರಿ ಕಟ್ಟಿದೆ. ಪೆಟ್ರೋಲು ಖಾಲಿಯಾದ ಜಾಗಕ್ಕೆ ಗಾಳಿ ಬರದೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ, ಕಾರ್ಬೊರೇಟರಿಗೆ ಪೆಟ್ರೋಲು ಎಳೆಯಲಾಗುವುದಿಲ್ಲ. ಈ ಗಾಳಿ ದಾರಿ (ವೆಂಟ್) ಮುಚ್ಚಳದಲ್ಲೋ ಟ್ಯಾಂಕಿನ ಮೇಲಿನ ಸಣ್ಣ ಪೈಪಿನಲ್ಲೋ ಇರುತ್ತದೆ. ತೊಳೆದರೂ ಬಿಡದಿದ್ದರೆ ಬದಲಿಸಿ.

ಆ ಶಬ್ದ ಇಲ್ಲದಿದ್ದರೆ ಅನುಮಾನ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಮೇಲೆ. ನಿಂತ ಆ ಕ್ಷಣವೇ, ಬಿಸಿ ಇರುವಾಗಲೇ ಸ್ಪಾರ್ಕ್ ನೋಡಬೇಕು. ತಣ್ಣಗಾದ ಮೇಲೆ ನೋಡಿದರೆ ಅದು ಸರಿಯಾಗಿಯೇ ಕಾಣುತ್ತದೆ. ಪ್ಲಗ್ ತೂತಿನ ಹತ್ತಿರ ಕಿಡಿ ಹಾರಿಸಿದರೆ ಬೆಂಕಿ ಹತ್ತಬಹುದು, ಆದ್ದರಿಂದ ಪ್ಲಗ್ ಕ್ಯಾಪ್ ಮತ್ತು ಪ್ಲಗ್ಗಿನ ನಡುವೆ ಜೋಡಿಸುವ ಸ್ಪಾರ್ಕ್ ಟೆಸ್ಟರ್ ಬಳಸಿ. ಕಾಯಿಲ್ ಬದಲಿಸುವಾಗ ಫ್ಲೈವೀಲ್ ಮತ್ತು ಕಾಯಿಲ್ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿ ಮಾಡಿ. ಬೇಕಾದ ಸುಮಾರು 0.3 ಮಿ.ಮೀ. ಅಂತರ ಸಿಗುತ್ತದೆ.

ರಬ್ಬರ್ ಬಲ್ಬ್ ಒತ್ತಿದಷ್ಟೂ ಗುಳ್ಳೆ ಬರ್ತಾನೇ ಇದೆ.

ನಾಲ್ಕೈದು ಸಲ ಒತ್ತಿದ ಮೇಲೂ ಗುಳ್ಳೆ ನಿಲ್ಲದಿದ್ದರೆ ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೆ ಎಲ್ಲೋ ಗಾಳಿ ಸೇರುತ್ತಿದೆ. ಪೈಪು ಟ್ಯಾಂಕಿನೊಳಗೆ ಹೋಗುವ ರಬ್ಬರ್ ಬುಷ್ ಹತ್ತಿರ ಮಡಚಿ ನೋಡಿ, ಬಿರುಕು ಹೆಚ್ಚಾಗಿ ಕಾಣುವುದು ಅಲ್ಲೇ. ಬಲ್ಬಿನಲ್ಲೂ ಸೀಳು ಇರಬಹುದು. ಟ್ಯಾಂಕಿನೊಳಗಿನ ಫಿಲ್ಟರನ್ನು ಕೊಕ್ಕೆ ತಂತಿಯಿಂದ ಹೊರಗೆಳೆದು, ಪೈಪಿನ ತುದಿಯಲ್ಲಿ ಅದು ಭದ್ರವಾಗಿ ಕೂತಿದೆಯೇ ನೋಡಿ. ಯಂತ್ರ ಓರೆಯಾದಾಗ ಮಾತ್ರ ನಿಲ್ಲುತ್ತಿದ್ದರೆ ಗಡುಸಾದ ಪೈಪಿನಿಂದಾಗಿ ಫಿಲ್ಟರ್ ಪೆಟ್ರೋಲಿನತ್ತ ವಾಲುತ್ತಿಲ್ಲ ಎಂದರ್ಥ.

ಚಾಕ್ ಹಾಕಿದ್ರೆ ಓಡ್ತದೆ, ಚಾಕ್ ತೆಗೆದ್ರೆ ನಿಲ್ತದೆ.

ಇಂಜಿನ್ನಿಗೆ ಪೆಟ್ರೋಲು ಸಾಲುತ್ತಿಲ್ಲ. ಚಾಕ್ ಗಾಳಿಯನ್ನು ತಡೆದಾಗ ಅನುಪಾತ ತಾತ್ಕಾಲಿಕವಾಗಿ ಸರಿಹೋಗುತ್ತದೆ. ಹೊಸ ಪೆಟ್ರೋಲು, ಸರಿಯಾದ ಪೈಪು, ಸ್ವಚ್ಛ ಫಿಲ್ಟರ್ ಇದ್ದೂ ಹೀಗಾದರೆ ಕಾರ್ಬೊರೇಟರ್ ಬಿಚ್ಚಲೇಬೇಕು.

## ಕಾರ್ಬೊರೇಟರ್ ಬಿಚ್ಚಿದ ಮೇಲೆ

ಕಾರ್ಬೊರೇಟರ್ ಕ್ಲೀನ್ ಮಾಡೋದು ಹೇಗೆ? ಬಿಚ್ಚಿದ್ರೆ ಜೋಡಿಸೋಕೆ ಬರಲ್ಲ ಅನ್ನೋ ಭಯ.

ಬಿಳಿ ಬಟ್ಟೆ ಹಾಸಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯುತ್ತ ಹೋಗಿ, ಭಯ ಬೇಡ. ಈ ಚಿಕ್ಕ ಕಾರ್ಬೊರೇಟರಿನಲ್ಲಿ ಫ್ಲೋಟ್ ಇರುವುದಿಲ್ಲ. ಒಂದು ಬದಿಯಲ್ಲಿ ಪೆಟ್ರೋಲು ಎಳೆಯುವ ಪಂಪ್ ಡಯಾಫ್ರಾಮ್, ಇನ್ನೊಂದು ಬದಿಯಲ್ಲಿ ಪೆಟ್ರೋಲು ಅಳೆದು ಬಿಡುವ ಮೀಟರಿಂಗ್ ಡಯಾಫ್ರಾಮ್. ಅದಕ್ಕೇ ಯಂತ್ರವನ್ನು ಯಾವ ಕಡೆಗೆ ವಾಲಿಸಿದರೂ ಓಡುತ್ತದೆ.

ಮೀಟರಿಂಗ್ ಡಯಾಫ್ರಾಮನ್ನು ಬೆರಳ ತುದಿಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಹೊಸದು ಮೆದುವಾಗಿ, ಸದ್ದಿಲ್ಲದೆ ಮಣಿಯುತ್ತದೆ. ಕೆಟ್ಟದ್ದು ಒಣಗಿದ ಎಲೆಯಂತೆ ಚರಚರ ಅನ್ನುತ್ತದೆ, ಬೆಳಕಿಗೆ ಹಿಡಿದರೆ ಸುಕ್ಕು ಅಥವಾ ಸೂಜಿಮೊನೆಯಷ್ಟು ತೂತು ಕಾಣುತ್ತದೆ. ಗಡುಸಾದ ಡಯಾಫ್ರಾಮನ್ನು ಎಷ್ಟು ತೊಳೆದರೂ ಮೆದುವಾಗುವುದಿಲ್ಲ, ಕಿಟ್ ತಂದು ಹಾಕಬೇಕು.

ಅದರಡಿಯ ಪುಟ್ಟ ಲೀವರ್, ಸೂಜಿ, ಸ್ಪ್ರಿಂಗ್ ತೆಗೆಯುವಾಗ ಸ್ಪ್ರಿಂಗ್ ಹಾರಿಹೋಗದಂತೆ ಬೆರಳಿಡಿ. ಸೂಜಿಯ ಮೊನೆಯಲ್ಲಿ ಸುತ್ತ ಗೆರೆ ಬಿದ್ದಿದ್ದರೆ ಅದು ಪೆಟ್ರೋಲನ್ನು ಪೂರ್ತಿ ತಡೆಯುವುದಿಲ್ಲ, ಓವರ್‌ಫ್ಲೋ ಆಗುತ್ತದೆ. ಲೀವರಿನ ಎತ್ತರ ಒಂದೊಂದು ಕಾರ್ಬೊರೇಟರಿಗೆ ಒಂದೊಂದು ಥರ, ಆದ್ದರಿಂದ ಬಗ್ಗಿಸಲು ಹೋಗಬೇಡಿ. ಬಿಚ್ಚುವ ಮೊದಲಿದ್ದ ಮಟ್ಟಕ್ಕೇ ಕೂರಿಸಿ. ಪೆಟ್ರೋಲಿನ ಪ್ರಮಾಣ ಹೊಂದಿಸುವ ಎಲ್ ಮತ್ತು ಎಚ್ ಸ್ಕ್ರೂ ತೆಗೆಯುವ ಮುಂಚೆ ಒಳಮುಖವಾಗಿ ಎಷ್ಟು ಸುತ್ತಿಗೆ ಕೂರುತ್ತವೆ ಎಂದು ಎಣಿಸಿ ಬರೆದುಕೊಳ್ಳಿ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇಯನ್ನು ಪ್ರತಿ ತೂತಿಗೂ ಹೊಡೆದು ಇನ್ನೊಂದು ಕಡೆ ಹೊರಬರುತ್ತಿದೆಯೇ ನೋಡಿ. ಕಣ್ಣಿಗೆ ಕನ್ನಡಕ ಇರಲಿ. ಕಾರ್ಬೊರೇಟರಿನಲ್ಲಿ ಗಾಳಿ ಹೋಗುವ ದೊಡ್ಡ ತೂತಿನೊಳಗೆ, ಥ್ರಾಟಲ್ ಪ್ಲೇಟಿನ ಅಂಚಿನ ಬಳಿ ಸಾಲಾಗಿ ಎರಡು ಮೂರು ಅತಿ ಸಣ್ಣ ತೂತುಗಳಿರುತ್ತವೆ. ಐಡಲಿಂಗ್ ನಡೆಯುವುದು ಅವುಗಳಿಂದ. ಗಟ್ಟಿ ತಂತಿ ತುರುಕಿದರೆ ತೂತು ಹಿಗ್ಗಿ ಕಾರ್ಬೊರೇಟರ್ ಶಾಶ್ವತವಾಗಿ ಕೆಡುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಹೊಡೆದರೂ ಒಳಗಿನ ಚೆಕ್ ವಾಲ್ವ್ ಹೋಗಬಹುದು.

ಜೋಡಿಸುವಾಗ ಎಡವುವುದು ಒಂದೇ ಕಡೆ. ವಾಲ್ಬ್ರೋ ಕಂಪನಿಯ ಸಾಮಾನ್ಯ ಕಾರ್ಬೊರೇಟರ್‌ಗಳಲ್ಲಿ ಪಂಪ್ ಬದಿಗೆ ಮೊದಲು ಡಯಾಫ್ರಾಮ್, ಅದರ ಮೇಲೆ ಗ್ಯಾಸ್ಕೆಟ್; ಮೀಟರಿಂಗ್ ಬದಿಗೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಾಮ್. ಅದಲುಬದಲಾದರೆ ಇಂಜಿನ್ ಸ್ಟಾರ್ಟ್ ಆಗದು, ಸ್ಟಾರ್ಟ್ ಆದರೂ ಐಡಲಿಂಗ್ ಉಳಿಯದು.

ಎಲ್, ಎಚ್ ಅಂತ ಎರಡು ಸ್ಕ್ರೂ ಇವೆ. ಎಷ್ಟು ತಿರುಗಿಸ್ಬೇಕು?

ಎಲ್ ಸ್ಕ್ರೂ ಐಡಲಿಂಗಿನ ಪೆಟ್ರೋಲಿಗೆ, ಎಚ್ ಪೂರ್ತಿ ವೇಗದ ಪೆಟ್ರೋಲಿಗೆ. ಮೂರನೆಯದು ಥ್ರಾಟಲನ್ನು ಸ್ವಲ್ಪ ತೆರೆದಿಡುವ ಐಡಲ್ ಸ್ಕ್ರೂ, ಅಂದರೆ ಮೊದಲು ಹೇಳಿದ ಸ್ಲೋ ಸ್ಕ್ರೂ. ಕೆಲವದರಲ್ಲಿ ಎಲ್‌ಎ ಎಂದೂ ಕೆಲವದರಲ್ಲಿ ಟಿ ಎಂದೂ ಗುರುತಿರುತ್ತದೆ. ಬರೆದುಕೊಂಡ ಲೆಕ್ಕ ಇಲ್ಲದಿದ್ದರೆ ಎಲ್ ಸ್ಕ್ರೂವನ್ನು ಹಗುರವಾಗಿ ಕೂರುವವರೆಗೆ ಒಳಗೆ ತಿರುಗಿಸಿ, ಅಲ್ಲಿಂದ ಒಂದು ಸುತ್ತು ಹೊರಗೆ ತನ್ನಿ. ಬಿಗಿದರೆ ಮೊನೆ ಹಾಳಾಗುತ್ತದೆ.

ಫಿಲ್ಟರ್ ಹಾಕಿ, ಇಂಜಿನ್ ಐದು ನಿಮಿಷ ಓಡಿಸಿ ಬಿಸಿ ಮಾಡಿ. ಎಲ್ ಸ್ಕ್ರೂವನ್ನು ಒಂದೊಂದು ಕಾಲು ಸುತ್ತಿನಂತೆ ಒಳಗೂ ಹೊರಗೂ ತಿರುಗಿಸುತ್ತ ವೇಗ ಅತಿ ಹೆಚ್ಚಾಗುವ ಜಾಗ ಹುಡುಕಿ. ಅಲ್ಲಿಂದ ಎಂಟನೇ ಒಂದರಿಂದ ಕಾಲು ಸುತ್ತು ಹೊರಗೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ. ಈಗ ಆಕ್ಸಿಲೇಟರ್ ಒಮ್ಮೆಲೇ ಒತ್ತಿ. ಕೆಮ್ಮಿದಂತಾಗಿ ತಡವರಿಸಿದರೆ ಇನ್ನೂ ಸ್ವಲ್ಪ ಹೊರಗೆ. ಹೊಗೆ ಬಿಟ್ಟು ಗೊರಗೊರ ಎಂದರೆ ಸ್ವಲ್ಪ ಒಳಗೆ. ಕೊನೆಗೆ ಐಡಲ್ ಸ್ಕ್ರೂವನ್ನು ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಹಿಂದಕ್ಕೆ ತನ್ನಿ.

ಎಚ್ ಸ್ಕ್ರೂವನ್ನು ಸುತ್ತು ಅಳೆಯುವ ಮೀಟರ್ (ಟ್ಯಾಕೋಮೀಟರ್) ಇಲ್ಲದೆ ಮುಟ್ಟಬೇಡಿ. ಸದ್ದು ಚುರುಕಾಯಿತೆಂದು ಒಳಗೆ ತಿರುಗಿಸಿದರೆ ಪೆಟ್ರೋಲಿನ ಜೊತೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಉರಿಯುತ್ತದೆ.

ಹೊಸ ಕಾರ್ಬೊರೇಟರ್ ಹಾಕಿದ್ರೂ ಐಡಲಿಂಗ್ ಸರಿಯಾಗಿಲ್ಲ. ಒಮ್ಮೆ ಏರ್ತದೆ, ಒಮ್ಮೆ ಇಳೀತದೆ.

ಹಾಗಾದರೆ ಇಂಜಿನ್ ಬೇರೆ ಕಡೆಯಿಂದ ಗಾಳಿ ಎಳೆಯುತ್ತಿದೆ. ಮೊದಲು ಕಾರ್ಬೊರೇಟರಿನ ಎರಡು ಬೋಲ್ಟ್, ಹಿಂದಿನ ಗ್ಯಾಸ್ಕೆಟ್, ಕಪ್ಪು ಪ್ಲಾಸ್ಟಿಕ್ ಬ್ಲಾಕ್ ನೋಡಿ. ಗ್ಯಾಸ್ಕೆಟ್ ತಿರುಗಿಸಿ ಹಾಕಿದರೆ ಇಂಜಿನ್ನಿನಿಂದ ಪಂಪ್ ಡಯಾಫ್ರಾಮಿಗೆ ಒತ್ತಡ ಬರುವ ಸಣ್ಣ ತೂತು ಮುಚ್ಚಿಹೋಗುತ್ತದೆ, ಈ ತಪ್ಪು ಬಹಳ ಕಡೆ ಆಗುತ್ತದೆ. ಅಲ್ಲೆಲ್ಲ ಸರಿಯಿದ್ದು, ಯಂತ್ರ ಓರೆ ಮಾಡಿದಾಗ ಐಡಲಿಂಗ್ ಬದಲಾಗುತ್ತಿದ್ದರೆ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿರಬಹುದು.

ಖಚಿತಪಡಿಸಲು ಇಂಜಿನ್ ಪ್ರೆಷರ್ ಟೆಸ್ಟ್ ಮಾಡಿಸಿ. ಇನ್‌ಟೇಕ್, ಸೈಲೆನ್ಸರ್ ಬದಿ ಮುಚ್ಚಿ 0.5 ಬಾರ್ ಒತ್ತಡ ಕೊಟ್ಟರೆ ಕನಿಷ್ಠ 20 ಸೆಕೆಂಡ್ ನಿಲ್ಲಬೇಕು. ಆಮೇಲೆ ಅಷ್ಟೇ ನಿರ್ವಾತ ಕೊಟ್ಟೂ ನೋಡಬೇಕು. ಸವೆದ ಸೀಲ್ ಒತ್ತಡದಲ್ಲಿ ಅಂಟಿಕೊಂಡು ಪಾಸಾಗಿ, ನಿರ್ವಾತದಲ್ಲಿ ಸಿಕ್ಕಿಬೀಳುತ್ತದೆ. ಓಡುತ್ತಿರುವ ಬಿಸಿ ಇಂಜಿನ್ನಿನ ಸುತ್ತ ಪೆಟ್ರೋಲೋ ಕ್ಲೀನರೋ ಚಿಮ್ಮಿಸಿ ನೋಡುವ ಅಭ್ಯಾಸ ಬಿಟ್ಟುಬಿಡಿ. ಸೈಲೆನ್ಸರ್ ಬೆಂಕಿಯಷ್ಟು ಬಿಸಿ ಇರುತ್ತದೆ.

ಐಡಲಿಂಗ್ ಕಮ್ಮಿ ಮಾಡಿದ್ರೂ ಬ್ಲೇಡ್ ತಿರುಗ್ತಾನೇ ಇರ್ತದೆ.

ಅಂಥ ಯಂತ್ರವನ್ನು ತೋಟಕ್ಕೆ ಒಯ್ಯಬೇಡಿ. ಇಂಜಿನ್ ನಿಜವಾಗಿಯೂ ನಿಧಾನ ಓಡುತ್ತಿದ್ದೂ ಬ್ಲೇಡ್ ತಿರುಗಿದರೆ ಕ್ಲಚ್ ಸ್ಪ್ರಿಂಗ್ ತುಂಡಾಗಿದೆ ಅಥವಾ ಸಡಿಲಾಗಿದೆ. ಸ್ಪ್ರಿಂಗ್ ಸಿಗುತ್ತದೆ, ಕೆಲಸವೂ ದೊಡ್ಡದಲ್ಲ. ಜಾರುವ ನೆಲದಲ್ಲಿ ಒಂದು ಹೆಜ್ಜೆ ತಪ್ಪಿದಾಗ ನಿಂತಿರುವ ಬ್ಲೇಡ್ ಕಾಲು ಉಳಿಸುತ್ತದೆ.

## ಇನ್ನೂ ಆಳಕ್ಕೆ

ನಮ್ಮದು ಹೋಂಡಾ ಫೋರ್ ಸ್ಟ್ರೋಕ್. ಅದಕ್ಕೆ ಬೇರೆ ಏನು ನೋಡ್ಬೇಕು?

ಮೊದಲು ಆಯಿಲ್. ಜಿಎಕ್ಸ್35ಕ್ಕೆ ಹಿಡಿಯುವುದು 100 ಮಿ.ಲೀ. ಮಾತ್ರ, 10ಡಬ್ಲ್ಯು-30. ಹೆಚ್ಚು ಹಾಕಿದರೆ ಉಸಿರು ಪೈಪಿನ ಮೂಲಕ ಏರ್ ಫಿಲ್ಟರಿಗೆ ಹೋಗಿ ಐಡಲಿಂಗ್ ಕೆಡುತ್ತದೆ. ಮೊದಲ ಸಲ 10 ಗಂಟೆಗೆ, ಆಮೇಲೆ 50 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಬದಲಿಸಿ.

ಫಿಲ್ಟರ್, ಪ್ಲಗ್, ಕಾರ್ಬೊರೇಟರ್ ಸರಿಯಿದ್ದೂ ಐಡಲಿಂಗ್ ಉಳಿಯದಿದ್ದರೆ ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವ್ ತುದಿಯ ಅಂತರ ನೋಡಿಸಿ. ಇಂಜಿನ್ ತಣ್ಣಗಿರುವಾಗ ಇನ್‌ಟೇಕ್ 0.08, ಎಕ್ಸಾಸ್ಟ್ 0.11 ಮಿ.ಮೀ. ಕ್ಲಿಯರೆನ್ಸ್ ತೀರಾ ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ನಿಧಾನ ವೇಗದಲ್ಲಿ ಕಂಪ್ರೆಷನ್ ಸೋರುತ್ತದೆ.

ತಳ್ಳುವ ಲಾನ್ ಮೋವರಿಗೂ ಇದೇ ಅನ್ವಯಿಸ್ತದಾ?

ಪೆಟ್ರೋಲು, ಫಿಲ್ಟರ್, ಪ್ಲಗ್ಗಿನ ಮಾತೆಲ್ಲ ಅನ್ವಯಿಸುತ್ತದೆ. ಕಾರ್ಬೊರೇಟರ್ ಮಾತ್ರ ಬೇರೆ: ಹೆಚ್ಚಿನವಕ್ಕೆ ಅಡಿಯಲ್ಲಿ ಬಟ್ಟಲಿರುವ ಫ್ಲೋಟ್ ಮಾದರಿ. ಬಟ್ಟಲಿನ ಬೋಲ್ಟ್ ಬಿಚ್ಚಿ ನೀರು, ಕಸ ತೆಗೆಯಿರಿ. ಐಡಲಿಂಗಿನ ಪೈಲಟ್ ಜೆಟ್ ಹೊರತೆಗೆದು ಬೆಳಕಿಗೆ ಹಿಡಿದರೆ ದುಂಡಗಿನ ಚುಕ್ಕೆ ಬೆಳಕು ಕಾಣಬೇಕು. ಏರಿಳಿತವಾಗಿ ಓಡುವುದು ಇವುಗಳಲ್ಲಿ ತುಂಬ ಸಾಮಾನ್ಯ. ಜೆಟ್ ಅರ್ಧ ಕಟ್ಟಿ ವೇಗ ಇಳಿದಾಗ ಗವರ್ನರ್ ಥ್ರಾಟಲ್ ತೆರೆಯುತ್ತದೆ, ಏರಿದಾಗ ಮುಚ್ಚುತ್ತದೆ. ಗವರ್ನರ್ ಸ್ಪ್ರಿಂಗ್ ಎಳೆದು ಸರಿಪಡಿಸಲು ಹೋಗಬೇಡಿ, ಜೆಟ್ ತೊಳೆಯಿರಿ. ಯಂತ್ರ ಓರೆ ಮಾಡುವಾಗ ಏರ್ ಫಿಲ್ಟರ್ ಬದಿ ಮೇಲಿರಲಿ.

ಇಷ್ಟೆಲ್ಲ ಮಾಡಿದ್ರೂ ಆಗಿಲ್ಲ ಅಂದ್ರೆ?

ಸೈಲೆನ್ಸರ್ ಬಿಚ್ಚಿ. ಬೆಂಕಿ ಕಿಡಿ ತಡೆಯುವ ಜಾಲರಿಯಲ್ಲಿ ಮಸಿ ಕಟ್ಟಿದ್ದರೆ ವೈರ್ ಬ್ರಷ್‌ನಿಂದ ಉಜ್ಜಿ. ಅದೇ ಹೊತ್ತಿಗೆ ಎಕ್ಸಾಸ್ಟ್ ಕಿಂಡಿಯಿಂದ ಪಿಸ್ಟನ್ ನೋಡಿ: ನಯವಾಗಿ ಹೊಳೆಯಬೇಕು. ಉದ್ದುದ್ದ ಗೀರು ಕಂಡರೆ ಈಗಾಗಲೇ ಒಮ್ಮೆ ಸೀಜ್ ಆಗಿದೆ. ಕಂಪ್ರೆಷನ್ ಗೇಜ್ ಹಾಕಿಸಿ. ಟೂ ಸ್ಟ್ರೋಕ್ ಇಂಜಿನ್ 120 ಪಿಎಸ್‌ಐಗಿಂತ ಮೇಲಿದ್ದರೆ ಗಟ್ಟಿ, 90ರ ಕೆಳಗಿಳಿದರೆ ಟ್ಯೂನಿಂಗ್‌ನಿಂದ ಪ್ರಯೋಜನವಿಲ್ಲ, ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಕೆಲಸ ಬೇಕು. ಹಗ್ಗ ಎಳೆಯಲು ಹಗುರವಾಗಲೆಂದು ಒತ್ತಡ ಇಳಿಸುವ ಡಿಕಂಪ್ರೆಷನ್ ವ್ಯವಸ್ಥೆ ಇರುವ ಇಂಜಿನ್ನಿನಲ್ಲಿ ಗೇಜ್ ಕಡಿಮೆ ತೋರಿಸುವುದು ಸಹಜ, ಆ ಅಂಕೆ ನೋಡಿ ಇಂಜಿನ್ ಬಿಚ್ಚಿಸಬೇಡಿ.

ಸೀಸನ್ ಮುಗಿದ ಮೇಲೆ ಹೇಗೆ ಇಡ್ಬೇಕು?

ಟ್ಯಾಂಕ್ ಖಾಲಿ ಮಾಡಿ. ರಬ್ಬರ್ ಬಲ್ಬ್ ಕೆಲವು ಸಲ ಒತ್ತಿ ಪೈಪಿನಲ್ಲಿರುವುದನ್ನೂ ಟ್ಯಾಂಕಿಗೆ ಮರಳಿಸಿ ಚೆಲ್ಲಿ. ಆಮೇಲೆ ಐಡಲಿಂಗ್‌ನಲ್ಲಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಟೂ ಸ್ಟ್ರೋಕ್ ಆದರೆ ಪ್ಲಗ್ ತೂತಿನಿಂದ ಅರ್ಧ ಚಮಚ ಟೂ ಸ್ಟ್ರೋಕ್ ಎಣ್ಣೆ ಬಿಟ್ಟು, ಹಗ್ಗವನ್ನು ಎರಡು ಮೂರು ಸಲ ನಿಧಾನ ಎಳೆದು ಪ್ಲಗ್ ಹಾಕಿ. ಗೊಬ್ಬರದ ಚೀಲ, ಮೈಲುತುತ್ತ ಇರುವ ಕೋಣೆಯಲ್ಲಿ ಇಡಬೇಡಿ. ಅವುಗಳ ಬಳಿ ಲೋಹ ಬೇಗ ತುಕ್ಕು ಹಿಡಿಯುತ್ತದೆ. ಒಲೆಯ ಹೊಗೆ, ಬೆಂಕಿಯಿಂದ ದೂರವಿರುವ ಒಣ ಅಟ್ಟ ಇದ್ದರೆ ಅಲ್ಲಿಗೆ ಏರಿಸಿಬಿಡಿ.